ಇನ್ನೂ ಹಳತಾಗದ ಕಟ್ಟಡಗಳು

೨೦೨೩ರ ಸೆಪ್ಟೆಂಬರ್ ತಿಂಗಳಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ಯುನೆಸ್ಕೋ ಸಂಸ್ಥೆಯ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುವು. ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ ಇದು. ಹೆಮ್ಮೆ ಪಟ್ಟದ್ದೂ ಆಯಿತು. ಆದರೆ ಈ ಗೌರವ ನಮ್ಮಲ್ಲಿ ಇನ್ನೊಂದು ಪ್ರಶ್ನೆಯನ್ನೂ ಎಬ್ಬಿಸಬೇಕಾಗಿತ್ತು, ಎಬ್ಬಿಸಿದಂತೆ ಕಾಣುವುದಿಲ್ಲ. ಒಂಬೈನೂರು ವರ್ಷಗಳ ಹಿಂದಿನ ಗುಡಿಗಳನ್ನು ಜಗತ್ತಿಗೆ ತೋರಿಸುವ ನಾವು, ಆ ಗುಡಿಗಳಿಗೆ ಹೋಗುವ ದಾರಿಯಲ್ಲಿ ನಮ್ಮ ತಾತಂದಿರ ಕಾಲದಲ್ಲಿ ಎದ್ದ ಕಟ್ಟಡಗಳನ್ನು ಏನು ಮಾಡುತ್ತಿದ್ದೇವೆ? ಅವು ಬೀಳುವುದಕ್ಕೆ ಮುಂಚೆ ಅವುಗಳ ಅಳತೆಯನ್ನಾದರೂ ಬರೆದಿಟ್ಟುಕೊಳ್ಳುತ್ತಿದ್ದೇವೆಯೆ?

ಅರಸೀಕೆರೆಯಲ್ಲಿ ರೈಲಿಳಿದು, ಜಾವಗಲ್ಲಿನ ಮೇಲೆ ಹಳೇಬೀಡಿಗೆ ಬಂದು, ಅಲ್ಲಿಂದ ಹದಿನಾರು ಕಿಲೋಮೀಟರು ದೂರದ ಬೇಲೂರಿಗೆ ಹೋಗುವ ಪ್ರವಾಸಿಯ ಕಣ್ಣಿಗೆ ಎರಡು ಬಗೆಯ ವಾಸ್ತು ಬೀಳುತ್ತದೆ. ಒಂದು ಬಳಪದ ಕಲ್ಲಿನದು. ಅರಸೀಕೆರೆಯ ಈಶ್ವರ ದೇವಾಲಯ ಕ್ರಿ.ಶ. ೧೨೨೦ರದು; ನಕ್ಷತ್ರದಾಕಾರದ ಅದರ ಮುಖಮಂಟಪ ಹೊಯ್ಸಳ ಶಿಲ್ಪದಲ್ಲಿಯೇ ಅಪರೂಪವಾದದ್ದು. ಹೊಯ್ಸಳೇಶ್ವರ ದೇವಾಲಯದ ಕೆಲಸ ಮೊದಲಾದದ್ದು ೧೧೨೧ರಲ್ಲಿ. ಚೆನ್ನಕೇಶವನ ಪ್ರತಿಷ್ಠೆ ೧೧೧೭ರಲ್ಲಿ. ಇನ್ನೊಂದು ಬಗೆಯ ವಾಸ್ತುವಿಗೆ ನಾವು ಹೆಸರನ್ನೇ ಇಟ್ಟಿಲ್ಲ. ಮಂಗಳೂರು ಹೆಂಚಿನ ಶಾಲೆ, ಗಾರೆಯ ತಾರಸಿಯ ಕಚೇರಿ, ಪ್ರವಾಸಿಗಳ ಬಂಗಲೆ, ಕೊಬ್ಬರಿ ಮಂಡಿ, ಟೂರಿಂಗ್ ಟೆಂಟನ್ನು ಓಡಿಸಿ ನಿಂತ ಸಿನಿಮಾ ಟಾಕೀಸು, ಸ್ವಾತಂತ್ರ್ಯ ಬಂದ ಮೇಲೆ ಕಾಂಕ್ರೀಟಿನಲ್ಲಿ ಎದ್ದ ನೀರಿನ ಟ್ಯಾಂಕು, ಬ್ಲಾಕ್ ಆಫೀಸು, ಆಸ್ಪತ್ರೆ—ಇವೆಲ್ಲ ಅದರಲ್ಲಿ ಸೇರುತ್ತವೆ. ಮೊದಲನೆಯದನ್ನು ನೋಡಲು ನಾವು ಚಪ್ಪಲಿ ಕಳಚಿ ಒಳಗೆ ಹೋಗುತ್ತೇವೆ. ಎರಡನೆಯದನ್ನು ನೋಡುವುದೇ ಇಲ್ಲ.

ಮೊದಲನೆಯದು ನಮಗೆ ಕಾಣುವುದಾದರೂ ಹೇಗೆ ಎಂಬುದನ್ನು ವಿಚಾರಿಸಿದರೆ ಎರಡನೆಯದು ಏಕೆ ಕಾಣುವುದಿಲ್ಲವೆಂಬುದು ತಿಳಿದೀತು. ಹೊಯ್ಸಳರ ಗುಡಿಗಳು ಬರಿಯ ಚೆಲುವಿನ ಬಲದಿಂದಲೇ ಉಳಿದು ಬಂದುವೆಂದು ಭಾವಿಸುವುದು ಸರಿಯಲ್ಲ. ೧೮೫೬ರಲ್ಲಿ ಓಕ್ಲಿ ಎಂಬ ಆಂಗ್ಲ ಅಧಿಕಾರಿ ಹಳೇಬೀಡಿನ ಗುಡಿಯ ಛಾಯಾಚಿತ್ರಗಳನ್ನು ತೆಗೆದನು. ೧೮೫೯ರಲ್ಲಿ ಅವು ಲಂಡನ್ನಿನಲ್ಲಿ ಪುಸ್ತಕವಾಗಿ ಹೊರಬಂದುವು. ಮುಂದೆ ಫರ್ಗುಸನ್ ತನ್ನ ವಾಸ್ತು ಚರಿತ್ರೆಯಲ್ಲಿ ಇದೇ ಗುಡಿಯನ್ನು ಗ್ರೀಕರ ಪಾರ್ಥೆನಾನ್ ಜೊತೆಯಲ್ಲಿಟ್ಟು ತೂಗಿದನು. ೧೮೮೫ರಲ್ಲಿ ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆ ಹುಟ್ಟಿತು. ಬಿ. ಎಲ್. ರೈಸ್ ಅವರು ಶಾಸನಗಳನ್ನು ಊರೂರಿನಲ್ಲಿ ನಕಲು ಮಾಡಿಸಿದರು. ಹಾಸನ ಜಿಲ್ಲೆಯ ಶಾಸನ ಸಂಪುಟ ೧೯೦೨ರಲ್ಲಿ ಅಚ್ಚಾಯಿತು. ಅವರ ತರುವಾಯ ಬಂದ ಆರ್. ನರಸಿಂಹಾಚಾರ್ಯರು ೧೯೧೭ರಲ್ಲಿ ಸೋಮನಾಥಪುರದ ಮೇಲೆಯೂ ೧೯೧೯ರಲ್ಲಿ ಬೇಲೂರು, ದೊಡ್ಡಗದ್ದವಳ್ಳಿಗಳ ಮೇಲೆಯೂ ಒಂದೊಂದು ಸಣ್ಣ ಪುಸ್ತಕವನ್ನು ಬರೆದರು. ವಿಗ್ರಹಗಳ ಕೆಳಗೆ ರೂವಾರಿಗಳು ಕೊರೆದಿದ್ದ ಹೆಸರುಗಳನ್ನು ಅವರು ಒಂದೊಂದಾಗಿ ಓದಿ ಪಟ್ಟಿ ಮಾಡಿದರು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಮಲ್ಲಿತಮ್ಮ ಇವರೆಲ್ಲ ಇಂದು ನಮಗೆ ಪರಿಚಿತರಾಗಿರುವುದು ಕಲ್ಲಿನಲ್ಲಿ ಅವರ ಹೆಸರಿದ್ದುದರಿಂದ ಮಾತ್ರವಲ್ಲ. ಆ ಹೆಸರನ್ನು ಓದಿ ಕಾಗದಕ್ಕಿಳಿಸುವ ಒಬ್ಬ ವಿದ್ವಾಂಸರು ಇದ್ದುದರಿಂದ.

ಬಳಿಕ ಕವಿಗಳೂ ಕಾದಂಬರಿಕಾರರೂ ಬಂದರು. ಬೇಲೂರಿನ ಮದನಿಕೆಯರು ಡಿ.ವಿ.ಜಿ. ಅವರ 'ಅಂತಃಪುರಗೀತೆ'ಗಳಾದರು, ಸೋಮನಾಥಪುರದ ಗುಡಿ ಕುವೆಂಪು ಅವರ ಕವಿತೆಯಾಯಿತು, ಕೆ. ವಿ. ಅಯ್ಯರ್ ಅವರ 'ಶಾಂತಲಾ' ಹೊಯ್ಸಳರ ಅರಮನೆಯನ್ನು ಮನೆಮನೆಯ ಮಾತಾಗಿ ಮಾಡಿತು. ಇಂದು ಶಾಲೆಯ ಹುಡುಗನೂ ದರ್ಪಣಸುಂದರಿಯನ್ನು ಗುರುತಿಸುತ್ತಾನೆಂದರೆ ಅವನ ಕಣ್ಣಿನ ಹಿಂದೆ ಒಂದೂವರೆ ಶತಮಾನದ ಬರವಣಿಗೆ ಇದೆ. ಅಳತೆ, ನಕಲು, ಛಾಯಾಚಿತ್ರ, ವರ್ಣನೆ, ಕಾವ್ಯ ಎಲ್ಲವೂ ಸೇರಿ ಆ ಗುಡಿಗಳನ್ನು ನಮ್ಮ ಮನಸ್ಸಿನಲ್ಲಿ ಎರಡನೆಯ ಸಲ ಕಟ್ಟಿದುವು. ಕಾನೂನಿನ ರಕ್ಷಣೆ ಗಟ್ಟಿಯಾದದ್ದು ಅದರ ಬೆನ್ನಿನಲ್ಲಿ.

ದಾಖಲೆಯ ಬೆಲೆ ಎಷ್ಟೆಂಬುದಕ್ಕೆ ಬೇಲೂರೇ ಸಾಕ್ಷಿ. ಚೆನ್ನಕೇಶವನ ಗರ್ಭಗುಡಿಯ ಮೇಲಿದ್ದ ಗೋಪುರವನ್ನು ಭಾರ ತಾಳದೆಂಬ ಕಾರಣದಿಂದ ೧೮೭೯ರಲ್ಲಿ ಇಳಿಸಿಬಿಟ್ಟರು. ಇಂದು ಕಾಣುವುದು ಶಿಖರವಿಲ್ಲದ ಗುಡಿ. ಆದರೆ ಬಾಗಿಲುಗಳ ಮೆಟ್ಟಿಲ ಇಕ್ಕೆಲಗಳಲ್ಲಿ ಶಿಲ್ಪಿಗಳು ನಿಲ್ಲಿಸಿದ ಪುಟ್ಟ ಗುಡಿಗಳಿವೆ; ಅವುಗಳ ತಲೆಯ ಮೇಲೆ ಪುಟ್ಟ ಶಿಖರಗಳಿವೆ. ಹೊಯ್ಸಳ ಶಿಖರ ಹೇಗಿರುತ್ತಿತ್ತೆಂಬುದನ್ನು ವಿದ್ವಾಂಸರು ಆ ಮಾದರಿಗಳನ್ನು ನೋಡಿ ಊಹಿಸಿಕೊಳ್ಳುತ್ತಾರೆ. ದೊಡ್ಡದು ಹೋದಾಗ ಕೈಗೆ ಉಳಿದದ್ದು ಅದರ ಸಣ್ಣ ನಕಲು.

ಕನ್ನಡ ಪಾಠ ಹೇಳುವವರಿಗೆ ಇದು ಹೊಸ ಮಾತೇನೂ ಅಲ್ಲ. ನಮ್ಮ ಪ್ರಾಚೀನ ಸಾಹಿತ್ಯ ಉಳಿದದ್ದೇ ಪ್ರತಿಕಾರರಿಂದ. ತಾಳೆಗರಿಯನ್ನು ಹುಳು ತಿನ್ನುವುದಕ್ಕೆ ಮೊದಲು ಯಾರೋ ಮತ್ತೊಂದು ಗರಿಯ ಮೇಲೆ ಬರೆದುಕೊಂಡರು. ಗ್ರಂಥಸಂಪಾದನೆಯ ಮೊದಲ ಪಾಠವೂ ಇದೇ: ಯಾವ ಪಾಠ ಮೇಲೆಂದು ತೀರ್ಪು ಕೊಡುವುದಕ್ಕೆ ಮುನ್ನ ಸಿಕ್ಕಿದ ಪಾಠಗಳನ್ನೆಲ್ಲ ಗುರುತು ಹಾಕಿಕೊಳ್ಳಬೇಕು. ಸಂಪಾದಕನಿಗೆ ರುಚಿಸದ ಪಾಠ ಅಡಿಟಿಪ್ಪಣಿಯಲ್ಲಾದರೂ ಉಳಿಯುತ್ತದೆ. ನಾಳೆ ಬರುವ ವಿದ್ವಾಂಸ ಅದನ್ನೇ ಸರಿಯೆಂದು ಎತ್ತಿ ಹಿಡಿಯಬಹುದು. ಕಟ್ಟಡಗಳ ವಿಷಯದಲ್ಲಿ ನಾವು ಮಾಡುತ್ತಿರುವುದು ಇದಕ್ಕೆ ತದ್ವಿರುದ್ಧ. ತೀರ್ಪು ಮೊದಲು ಬರುತ್ತದೆ, ಗುದ್ದಲಿ ಆಮೇಲೆ; ಅಡಿಟಿಪ್ಪಣಿಗೆ ಜಾಗವೇ ಇರುವುದಿಲ್ಲ.

ಅರಸೀಕೆರೆಯನ್ನೇ ನೋಡೋಣ. ರಾಣಿಯೊಬ್ಬಳ ಕೆರೆಯಿಂದ ಹೆಸರು ಪಡೆದ ಈ ಊರಿಗೆ ಹೊಸ ಹುಟ್ಟು ಕೊಟ್ಟದ್ದು ರೈಲು. ಬೆಂಗಳೂರಿನಿಂದ ಹೊರಟ ಮೀಟರ್ ಗೇಜ್ ಹಾದಿ ೧೮೮೪ರಲ್ಲಿ ಗುಬ್ಬಿಯನ್ನು ಮುಟ್ಟಿ, ಆ ದಶಕದಲ್ಲಿಯೇ ಹರಿಹರದ ಕಡೆಗೆ ಬೆಳೆಯಿತು. ಮುಂದೆ ಹಾಸನದ ಮೇಲೆ ಮೈಸೂರಿಗೆ ಹೋಗುವ ಹಾದಿಯೂ ಕೂಡಿ ಅರಸೀಕೆರೆ ಜಂಕ್ಷನ್ ಆಯಿತು. ತೆಂಗಿನ ಸೀಮೆಯ ಕಾಯಿ, ಕೊಬ್ಬರಿ ದೂರದ ಊರುಗಳಿಗೆ ಹೊರಟದ್ದು ಈ ಹಾದಿಯಿಂದ. ಅದರ ಜೊತೆಯಲ್ಲಿಯೇ ಒಂದು ಹೊಸ ವಾಸ್ತುವೂ ಒಳನಾಡಿಗೆ ಬಂತು. ಬಾಸೆಲ್ ಮಿಶನ್ನಿನವರು ೧೮೬೫ರಲ್ಲಿ ಮಂಗಳೂರಿನಲ್ಲಿ ಸುಡಲಾರಂಭಿಸಿದ ಹೆಂಚು, ಕಾರ್ಖಾನೆಯಲ್ಲಿ ಎರಕ ಹೊಯ್ದ ಕಬ್ಬಿಣದ ಕಂಬ, ಒಂದೇ ಅಳತೆಯ ಇಟ್ಟಿಗೆ, ಇಂಜಿನಿಯರನ ನಕ್ಷೆ ಇವು ಅದರ ಸಾಮಗ್ರಿ. ಇವುಗಳಿಗೆ ಸ್ಥಳೀಯ ಗಾರೆಯವರ ಸುಣ್ಣ, ಬಡಗಿಗಳ ತೊಲೆ ಜಂತೆ ಕೂಡಿ ಮೈಸೂರು ಸೀಮೆಯದೇ ಆದ ಒಂದು ಹದವಾದ ಕಟ್ಟಡದ ರೀತಿ ತಯಾರಾಯಿತು. ಎತ್ತರವಾದ ಮಾಡು, ಬಿಸಿಗಾಳಿ ಹೊರಹೋಗಲು ಮೇಲ್ಗಿಂಡಿ, ಮಳೆಯನ್ನು ದೂರ ಎಸೆಯುವ ಚಾಚಿದ ಸೂರು, ನಿಂತು ಮಾತಾಡಲು ಉದ್ದನೆಯ ಜಗಲಿ—ಹವೆಯನ್ನು ಬಲ್ಲವರು ಯೋಚಿಸಿ ಮಾಡಿದ ಕೆಲಸ ಅದು.

೧೯೯೦ರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು. ಉಗಿಯ ಯುಗ ಅದಕ್ಕೂ ಮುಂಚೆಯೇ ಮುಗಿಯುತ್ತ ಬಂದಿತ್ತು. ಈಗ ದೇಶದ ನಿಲ್ದಾಣಗಳನ್ನು ಹೊಸದಾಗಿ ರೂಪಿಸುವ ಅಮೃತ್ ಭಾರತ್ ಯೋಜನೆ ನಡೆದಿದೆ. ೨೦೨೩ರ ಆಗಸ್ಟಿನಲ್ಲಿ ಶಂಕುಸ್ಥಾಪನೆಯಾದ ೫೦೮ ನಿಲ್ದಾಣಗಳ ಪಟ್ಟಿಯಲ್ಲಿ ಅರಸೀಕೆರೆಯ ಹೆಸರೂ ಇತ್ತು. ಪ್ರಯಾಣಿಕರಿಗೆ ಲಿಫ್ಟು ಬೇಕು, ನೆರಳು ಬೇಕು, ಚೊಕ್ಕಟವಾದ ಶೌಚಾಲಯ ಬೇಕು. ಬೇಡವೆನ್ನುವವರು ರಾತ್ರಿಯ ರೈಲಿಗೆ ಮಕ್ಕಳೊಡನೆ ಕಾದವರಲ್ಲ. ಆದರೆ ಒಂದು ಗೋಡೆಗೆ ಕೈ ಹಾಕುವುದಕ್ಕೆ ಮುಂಚೆ ಅದರ ಅಳತೆ ತೆಗೆದು, ಚಿತ್ರ ಬರೆದು, ಸಾರ್ವಜನಿಕರು ನೋಡುವಂಥ ಒಂದು ಕಡೆ ಇಡಬೇಕೆಂಬ ನಿಯಮ ಇಂಥ ಪ್ರತಿಯೊಂದು ಕಾಮಗಾರಿಯ ಒಪ್ಪಂದದಲ್ಲಿಯೂ ಸೇರಬಾರದೇಕೆ? ಇಡೀ ಕಾಮಗಾರಿಯ ವೆಚ್ಚದಲ್ಲಿ ಅದರ ಪಾಲು ಉಪ್ಪಿನಕಾಯಿಯಷ್ಟು.

ಕಾನೂನು ಇಲ್ಲಿ ನೆರವಿಗೆ ಬರುವುದಿಲ್ಲ. ೧೯೫೮ರ ಪ್ರಾಚೀನ ಸ್ಮಾರಕಗಳ ಅಧಿನಿಯಮದ ಪ್ರಕಾರ ಸ್ಮಾರಕವೆನ್ನಿಸಿಕೊಳ್ಳಲು ಕಟ್ಟಡಕ್ಕೆ ಕಡಮೆಯೆಂದರೆ ನೂರು ವರ್ಷವಾಗಿರಬೇಕು. ಅಂದರೆ ೧೯೫೬ರಲ್ಲಿ ಮುಗಿದ ನಮ್ಮ ವಿಧಾನಸೌಧವೂ ಈ ಅಧಿನಿಯಮದ ಕಣ್ಣಿಗೆ ಇನ್ನೂ ಮಗು. ೨೦೧೦ರ ತಿದ್ದುಪಡಿ ರಕ್ಷಿತ ಸ್ಮಾರಕದ ಸುತ್ತ ನೂರು ಮೀಟರು ನಿಷಿದ್ಧವೆಂದೂ ಅದರಾಚೆ ಇನ್ನೂರು ಮೀಟರು ನಿಯಂತ್ರಿತವೆಂದೂ ಗೆರೆ ಎಳೆದಿದೆ. ಗುಡಿಯ ದೃಷ್ಟಿಯಿಂದ ಇದು ಅವಶ್ಯಕವೇ. ಆದರೆ ಆ ಗೆರೆಯ ಒಳಗೆ ಮನುಷ್ಯರ ಬೀದಿಗಳೂ ಇವೆ. ಬೇಲೂರಿನಂಥ ತೇರೆಳೆಯುವ ಊರಿನಲ್ಲಿ ಗುಡಿಯೂ ರಥಬೀದಿಯೂ ಒಂದನ್ನೊಂದು ಬಿಟ್ಟು ಬದುಕಿದವಲ್ಲ. ಕಾನೂನು ಒಂದನ್ನು ಕಾಯುತ್ತದೆ; ಇನ್ನೊಂದನ್ನು ಬರಿಯ ಅಡಚಣೆಯೆಂದು ಎಣಿಸುತ್ತದೆ. ತೊಟ್ಟಿ, ಪಡಸಾಲೆ, ಕೆತ್ತನೆಯ ಬೋದಿಗೆಗಳ ಹಳೆಯ ಮನೆಯೊಂದು ಅಂಥ ಬೀದಿಯಲ್ಲಿ ಬಿದ್ದರೆ ಅದಕ್ಕಾಗಿ ಒಂದು ಹಾಳೆಯನ್ನು ಬರೆಯಬೇಕಾದ ಹೊಣೆ ಯಾವ ಇಲಾಖೆಗೂ ಇಲ್ಲ.

ಹೊಸ ಕಟ್ಟಡಗಳ ಆಯುಸ್ಸು ಹಳೆಯವಕ್ಕಿಂತ ಕಡಮೆಯೆಂಬುದು ಈ ಪ್ರಸಂಗದ ಇನ್ನೊಂದು ವಿಚಿತ್ರ. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಉಳಿಗೆ ಬಗ್ಗುವ ಬಳಪದ ಕಲ್ಲು ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಕಾಂಕ್ರೀಟಿನ ಹಣೆಬರಹ ಬೇರೆ. ಅದರೊಳಗಿನ ಕ್ಷಾರಗುಣ ಇರುವವರೆಗೆ ಕಬ್ಬಿಣಕ್ಕೆ ತುಕ್ಕು ಹಿಡಿಯುವುದಿಲ್ಲ. ಗಾಳಿಯಲ್ಲಿನ ಇಂಗಾಲಾಮ್ಲ ಮೆಲ್ಲಮೆಲ್ಲನೆ ಆ ಗುಣವನ್ನು ಕಳೆಯುತ್ತದೆ. ಆಗ ತೇವ ತಗಲಿದ ಸರಳು ತುಕ್ಕಿನಿಂದ ಉಬ್ಬಿ ಸುತ್ತಲಿನ ಕಾಂಕ್ರೀಟನ್ನು ಸಿಡಿಸುತ್ತದೆ. ಸರಳಿನ ಮೇಲಿನ ಹೊದಿಕೆ ತೆಳುವಾಗಿದ್ದ ಕಟ್ಟಡ ಐವತ್ತು ಅರವತ್ತು ವರ್ಷಕ್ಕೇ ಕಾಯಿಲೆ ಬೀಳುವುದು ಇದರಿಂದ. ಸುಣ್ಣದ ಗಾರೆಯ ಗೋಡೆಗಳಿಗೆ ನಾವೇ ಕೈಯಾರೆ ರೋಗ ಅಂಟಿಸುತ್ತೇವೆ. ಸುಣ್ಣದ ಗೋಡೆ ತೇವವನ್ನು ಹೀರಿ ಹೊರಬಿಡುವಂಥದು. ಅದರ ಮೇಲೆ ಸಿಮೆಂಟು ಮೆತ್ತಿ ಎಣ್ಣೆ ಬಣ್ಣ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಉಪ್ಪು ಕಾರಿ ಪದರಪದರವಾಗಿ ಉದುರುತ್ತದೆ. ಆಮೇಲೆ, "ಶಿಥಿಲವಾಗಿದೆ, ಕೆಡವಬೇಕು" ಎಂಬ ವರದಿ ಬರುತ್ತದೆ. ದುರಸ್ತಿಯೇ ಕಟ್ಟಡವನ್ನು ಕೊಂದಿತೆಂದು ಆ ವರದಿಯಲ್ಲಿ ಬರೆಯುವವರಿಲ್ಲ.

ಚಿತ್ರ ತೆಗೆದ ಮಾತ್ರಕ್ಕೆ ದಾಖಲೆಯಾಯಿತೆಂದು ತಿಳಿಯುವುದೂ ಒಂದು ಭ್ರಮೆ. ಇದಕ್ಕೆ ಉದಾಹರಣೆ ಇದೇ ಜಿಲ್ಲೆಯ ಶೆಟ್ಟಿಹಳ್ಳಿಯ ಇಗರ್ಜಿ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಈ ಗಾಥಿಕ್ ಮಂದಿರ ಹೇಮಾವತಿ ಜಲಾಶಯದ ಹಿನ್ನೀರಿಗೆ ಸಿಕ್ಕಿ, ಮಳೆಗಾಲದಲ್ಲಿ ನೀರಿನೊಳಗೂ ಬೇಸಗೆಯಲ್ಲಿ ದಡದ ಮೇಲೂ ನಿಲ್ಲುತ್ತದೆ. ಅದರ ಮುರಿದ ಕಮಾನುಗಳ ಚಿತ್ರವನ್ನು ನೋಡದವರು ಕಡಮೆ. ಮದುವೆಯ ಜೋಡಿಗಳು ಅಲ್ಲಿಗೆ ಹೋಗಿ ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ ಆ ಸಾವಿರಾರು ಚಿತ್ರಗಳನ್ನು ಮುಂದಿಟ್ಟುಕೊಂಡು ಗೋಡೆಯ ದಪ್ಪ ಎಷ್ಟು, ಮಾಡಿನ ಮರ ಹೇಗೆ ಕೂಡಿತ್ತು, ಗಾರೆಗೆ ಏನು ಬೆರೆಸಿದ್ದರು, ಯಾವ ಊರಿನ ಕೆಲಸಗಾರರು ದುಡಿದರು, ಆ ಬಾಗಿಲಿನಲ್ಲಿ ಭಾನುವಾರ ಯಾರು ಯಾರು ಒಳಗೆ ಹೋಗುತ್ತಿದ್ದರು ಎಂದು ಕೇಳಿದರೆ ಅವು ಬಾಯಿ ಬಿಡುವುದಿಲ್ಲ. ಹಾಳು ಬಿದ್ದದ್ದರ ಸೊಬಗಿಗೆ ಮನಸೋಲುವುದು ಸುಲಭ. ಅದು ಹಾಳಾಗುವ ಮುನ್ನ ಏನಾಗಿತ್ತೆಂದು ಹೇಳಬಲ್ಲದ್ದು ದಾಖಲೆ ಮಾತ್ರ.

ಈ ಕೊರತೆಯನ್ನು ನಮ್ಮ ಸಾಹಿತ್ಯ ಸ್ವಲ್ಪಮಟ್ಟಿಗೆ ತುಂಬಿದೆಯೆಂಬುದನ್ನು ಒಪ್ಪಬೇಕು. ಹೇಮಾವತಿಯ ದಡದ ಗೊರೂರರು 'ಹಳ್ಳಿಯ ಚಿತ್ರಗಳು' ಬರೆದಿರದಿದ್ದರೆ, ಎಸ್. ಎಲ್. ಭೈರಪ್ಪನವರು 'ಗೃಹಭಂಗ' ಬರೆದಿರದಿದ್ದರೆ, ಈ ಸೀಮೆಯ ಜಗಲಿ, ಅಟ್ಟ, ಹಿತ್ತಲುಗಳಲ್ಲಿ ನಡೆದ ಬಾಳು ನಮಗೆ ಇಷ್ಟು ನಿಚ್ಚಳವಾಗಿ ತಿಳಿಯುತ್ತಿರಲಿಲ್ಲ. ಆದರೂ ಕಾದಂಬರಿಕಾರ ಮನೆಯನ್ನು ಬಳಸಿಕೊಳ್ಳುವುದು ಮನುಷ್ಯರಿಗಾಗಿ. ಅವನಿಂದ ನಕ್ಷೆಯನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಕಟ್ಟಡಕ್ಕೆ ಅದರದೇ ಆದ ಓದುಗ ಬೇಕು, ಅದರದೇ ಆದ ವಿಮರ್ಶೆ ಬೇಕು.

ಹೊರಗಿನ ನಿದರ್ಶನಗಳು ಬೇಕಾದಷ್ಟಿವೆ. ದಿಲ್ಲಿಯ ಪ್ರಗತಿ ಮೈದಾನದಲ್ಲಿ ೧೯೭೨ರಲ್ಲಿ ರಾಜ್ ರೇವಲ್ ಅವರ ವಿನ್ಯಾಸದಂತೆ, ಮಹೇಂದ್ರ ರಾಜ್ ಅವರ ಲೆಕ್ಕಾಚಾರದಂತೆ ಎದ್ದ 'ಹಾಲ್ ಆಫ್ ನೇಷನ್ಸ್' ಕಾಂಕ್ರೀಟಿನ ಹೆಣಿಗೆಯಲ್ಲಿ ಜಗತ್ತೇ ತಿರುಗಿ ನೋಡಿದ ಕೆಲಸ. ಅದನ್ನು ೨೦೧೭ರ ಏಪ್ರಿಲಿನಲ್ಲಿ ರಾತ್ರೋರಾತ್ರಿ ಕೆಡವಲಾಯಿತು. ಆಗ ಅದಕ್ಕೆ ನಲವತ್ತೈದು ವರ್ಷ. ಅಹಮದಾಬಾದಿನ ಐ.ಐ.ಎಂ.ನಲ್ಲಿ ಲೂಯಿ ಕಾನ್ ರೂಪಿಸಿದ ವಿದ್ಯಾರ್ಥಿನಿಲಯಗಳನ್ನು ಕೆಡವುವ ಮಾತು ೨೦೨೦ರಲ್ಲಿ ಎದ್ದಾಗ ದೇಶವಿದೇಶಗಳಿಂದ ಪ್ರತಿಭಟನೆ ಬಂತು. ಕಾನ್‌ನ ನಕ್ಷೆಗಳು ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಜೋಪಾನವಾಗಿವೆ. ಆದುದರಿಂದ ಆ ಇಟ್ಟಿಗೆಯ ಕಮಾನುಗಳ ಪರವಾಗಿ ವಾದಿಸುವವರ ಕೈಯಲ್ಲಿ ಆಧಾರವಿತ್ತು. ಜಪಾನಿನ ಟೋಕಿಯೋದಲ್ಲಿ ಕುರೊಕಾವ ಕಟ್ಟಿಸಿದ ನಕಾಗಿನ್ ಗೋಪುರವನ್ನು ೨೦೨೨ರಲ್ಲಿ ಬಿಚ್ಚಿದರು. ಉಳಿಸಿಕೊಳ್ಳಲು ಆಗಲಿಲ್ಲ, ಆದರೂ ಅಭಿಮಾನಿಗಳು ಮುಂಚೆಯೇ ಇಡೀ ಗೋಪುರದ ಅಳತೆಯನ್ನು ಯಂತ್ರದಿಂದ ಹಿಡಿದಿಟ್ಟು, ಇಪ್ಪತ್ತಮೂರು ಕೋಣೆಗಳನ್ನು ಎತ್ತಿಟ್ಟುಕೊಂಡರು. ಸೋಲುವಾಗಲೂ ಹೇಗೆ ಸೋಲಬೇಕೆಂಬುದನ್ನು ಅವರಿಂದ ಕಲಿಯಬಹುದು.

ನಮ್ಮ ಬೆಂಗಳೂರಿನಲ್ಲಿಯೂ ಇಂಥ ಪಾಠಗಳಿವೆ. ೧೮೬೮ರಲ್ಲಿ ಮುಗಿದ ಅಠಾರಾ ಕಚೇರಿಯನ್ನು ಕೆಡವಬೇಕೆಂಬ ಯೋಚನೆ ೧೯೮೦ರ ದಶಕದಲ್ಲಿ ಬಂದಿತ್ತು. ನಾಗರಿಕರು ಎದ್ದು ನಿಂತದ್ದರಿಂದ ಆ ಕೆಂಪು ಕಟ್ಟಡ ಇಂದಿಗೂ ನ್ಯಾಯಾಲಯವಾಗಿದೆ. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದು ೧೯೩೯ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದ ಆಟೋ ಕೋನಿಗ್ಸ್‌ಬರ್ಗರ್ ಅವರ ಹೆಸರನ್ನು ಎಷ್ಟು ಜನ ಕೇಳಿದ್ದಾರೆ? ಟಾಟಾ ಇನ್‌ಸ್ಟಿಟ್ಯೂಟಿನ ವಿಮಾನಶಾಸ್ತ್ರ ವಿಭಾಗದ ಕಟ್ಟಡ ಅವರದು. ಮೈಸೂರು ಸೀಮೆಯ ಬಿಸಿಲು ಗಾಳಿಗಳನ್ನು ಅಭ್ಯಾಸ ಮಾಡಿ ಬರಿಯ ಗೆರೆಗಳಲ್ಲಿ ಗಾಂಭೀರ್ಯವನ್ನು ತಂದವರು ಅವರು. ಗೋಪುರ, ಕಂಬ, ಕೆತ್ತನೆ ಇದ್ದರೆ ಮಾತ್ರ ನಮ್ಮದು ಎನ್ನುವ ಅಭಿರುಚಿಗೆ ಇಂಥ ಕಟ್ಟಡ ಮೂಕವಾಗಿ ಕಾಣುತ್ತದೆ. ಮಾತಾಡಿಸುವುದು ವಿಮರ್ಶಕನ ಕೆಲಸ.

ಇದಕ್ಕೆಲ್ಲ ಆಕ್ಷೇಪಣೆಗಳಿವೆ. ಹಳೆಯದನ್ನೆಲ್ಲ ಉಳಿಸಿಕೊಂಡರೆ ಊರು ಬೆಳೆಯುವುದೆಲ್ಲಿ ಎಂದು ಕೆಲವರು ಕೇಳುತ್ತಾರೆ. ಸೋರುವ ಹೆಂಚಿನ ಕೆಳಗೆ ಬಾಳುವ ಕುಟುಂಬಕ್ಕೆ ಪರಂಪರೆಯ ಉಪದೇಶ ಮಾಡುವುದು ಕ್ರೂರವೂ ಹೌದು. ಎಲ್ಲವನ್ನೂ ಉಳಿಸಲು ಸಾಧ್ಯವಿಲ್ಲ, ಉಳಿಸಬೇಕಾಗಿಯೂ ಇಲ್ಲ. ಪ್ರಾಚೀನ ಕಾವ್ಯಗಳಲ್ಲಿಯೂ ಜೊಳ್ಳು ಇದೆ. ಕೆಲಸದ ಹದ ಮೇಲಾದದ್ದು, ಊರಿನ ಬಾಳನ್ನೇ ತಿರುಗಿಸಿದ್ದು, ಇನ್ನಾವ ಕಟ್ಟಡವೂ ಹೇಳದ ಸಂಗತಿಯೊಂದನ್ನು ಹೇಳುವಂಥದ್ದು—ಈ ಮೂರರಲ್ಲಿ ಒಂದಾದರೂ ಇದ್ದ ಕಟ್ಟಡವನ್ನು ಉಳಿಸಲು ಶ್ರಮಪಡಬೇಕು. ಉಳಿದುವಕ್ಕೆ ದಾಖಲೆ ಸಾಕು. ಇವೆಲ್ಲ ಪರಕೀಯರ ಆಳ್ವಿಕೆಯ ಗುರುತುಗಳೆನ್ನುವವರೂ ಇದ್ದಾರೆ. ನಕ್ಷೆಗೆ ರುಜು ಹಾಕಿದವನು ಪರಕೀಯನಿರಬಹುದು. ಸುಣ್ಣ ಅರೆದವರು, ಜಂತೆ ಏರಿಸಿದವರು, ಕಂದಾಯ ತೆತ್ತವರು ಇಲ್ಲಿಯವರೇ. ದಾಸೋಜನಂತೆ ಅವರು ಹೆಸರನ್ನು ಕೊರೆದಿಡಲಿಲ್ಲ. ಅವರ ಹೆಸರು ಎಲ್ಲಿಯಾದರೂ ಇದ್ದರೆ ಕಂಟ್ರಾಕ್ಟರನ ಬಿಲ್ಲಿನಲ್ಲಿ, ಲೋಕೋಪಯೋಗಿ ಇಲಾಖೆಯ ಅಳತೆ ಪುಸ್ತಕದಲ್ಲಿ, ಕೂಲಿಯ ಪಟ್ಟಿಯಲ್ಲಿ ಇರಬೇಕು. ಆ ಕಾಗದಗಳನ್ನು ರದ್ದಿಗೆ ಹಾಕುವುದೆಂದರೆ ಬೇಲೂರಿನ ಮದನಿಕೆಯರ ಪೀಠದ ಮೇಲಿನ ಅಕ್ಷರಗಳನ್ನು ಉಜ್ಜಿ ಅಳಿಸಿದ ಹಾಗೆ.

ಕಾಗದಕ್ಕೂ ಆಯುಸ್ಸು ಉಂಟು. ಅಮೋನಿಯ ಪ್ರತಿಗಳು ಬೆಳಕಿಗೆ ಮಾಸುತ್ತವೆ. ಟ್ರೇಸಿಂಗ್ ಬಟ್ಟೆಯನ್ನು ತೇವ ಕೆಡಿಸುತ್ತದೆ. ಕಂಪ್ಯೂಟರಿನಲ್ಲಿ ಇಟ್ಟದ್ದನ್ನು ಹತ್ತು ಹದಿನೈದು ವರ್ಷ ಕಳೆದ ಮೇಲೆ ತೆರೆಯುವ ಸಾಧನವೇ ಇಲ್ಲದೆ ಹೋಗಬಹುದು. ಆದ್ದರಿಂದ ಒಂದಕ್ಕಿಂತ ಹೆಚ್ಚು ಪ್ರತಿ ಬೇಕು, ಒಂದಕ್ಕಿಂತ ಹೆಚ್ಚು ಕಡೆ ಬೇಕು. ಒಂದು ಪ್ರತಿ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿದ್ದರೆ ಇನ್ನೊಂದು ತಾಲ್ಲೂಕಿನ ಗ್ರಂಥಾಲಯದಲ್ಲಿರಲಿ. ನಮ್ಮ ಹಿರಿಯರು ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲಿನ ಮಸಿಯನ್ನೂ ಬಳಿದು ಮಡಿಚಿಟ್ಟ ಲೆಕ್ಕದ ಪುಸ್ತಕಕ್ಕೆ ಕಡತವೆಂದು ಹೆಸರು. ಇಂದು ಕಚೇರಿಯ ಫೈಲಿಗೂ ಅದೇ ಮಾತು ನಿಂತಿದೆ. ಕಟ್ಟಡಕ್ಕೊಂದು ಕಡತ ಎಂಬುದು ಅತಿಯಾಸೆಯಲ್ಲ. ಅದರಲ್ಲಿ ನಕ್ಷೆ, ಅಡ್ಡಸೀಳಿನ ಚಿತ್ರ, ತಾರೀಖು ಹಾಕಿದ ಛಾಯಾಚಿತ್ರ, ಸಾಮಗ್ರಿಯ ವಿವರ, ಮಾಡಿದ ಮಾರ್ಪಾಡುಗಳು, ಅಲ್ಲಿ ಇದ್ದವರ ನೆನಪು ಇಷ್ಟು ಇದ್ದರೆ ಸಾಕು.

ಮಾಡುವವರು ಯಾರು? ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಅಳತೆ ತೆಗೆಯಬಲ್ಲರು. ಅದು ಅವರ ವಿದ್ಯೆ. ಕನ್ನಡದ ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ಜಗತಿ, ನವರಂಗ, ಸುಕನಾಸಿ, ಭುವನೇಶ್ವರಿ ಎಂದು ಗುಡಿಯ ಅಂಗಗಳನ್ನು ಅವರು ಬಾಯಿಪಾಠ ಹೇಳುತ್ತಾರೆ. ಅಜ್ಜನ ಮನೆಯ ಬೋದಿಗೆ, ಜಂತೆ, ಬೆಳಕಿಂಡಿಗಳ ಹೆಸರು ಕೇಳಿದರೆ ಸುಮ್ಮನಾಗುತ್ತಾರೆ. ಹಳೆಯ ಗಾರೆಯವರನ್ನೂ ಬಡಗಿಗಳನ್ನೂ ಕಂಡು ಆ ಮಾತುಗಳನ್ನು ಕೇಳಿ ಬರೆದುಕೊಳ್ಳಬೇಕು. ಸುಣ್ಣವನ್ನು ಎಷ್ಟು ದಿನ ಕೊಳೆಯಿಸುತ್ತಿದ್ದರು, ಕೆಂಪು ನೆಲಕ್ಕೆ ಹೊಳಪು ಹೇಗೆ ತರುತ್ತಿದ್ದರು ಎಂಬುದನ್ನು ಬಲ್ಲವರು ಇನ್ನೂ ಕೆಲವರು ಇದ್ದಾರೆ. ಅವರಿಗೆಲ್ಲ ವಯಸ್ಸಾಗಿದೆ. ಒಂದು ಕಾಲೇಜು ವರ್ಷಕ್ಕೆ ಒಂದು ಬೀದಿಯನ್ನು ಹಿಡಿದುಕೊಂಡರೂ ಹತ್ತು ವರ್ಷದಲ್ಲಿ ಅರಸೀಕೆರೆ, ಬೇಲೂರುಗಳಂಥ ಊರಿನ ಮುಖ್ಯವಾದ ಕಟ್ಟಡಗಳೆಲ್ಲ ಕಾಗದಕ್ಕೆ ಬಂದಾವು.

ನರಸಿಂಹಾಚಾರ್ಯರು ಬೇಲೂರಿನ ಮೇಲೆ ಬರೆದಾಗ ಆ ಗುಡಿಗೆ ಎಂಟುನೂರು ವರ್ಷ ದಾಟಿತ್ತು. ಅಷ್ಟು ಕಾಲ ಕಾಯಲು ಕಲ್ಲಿಗೆ ಶಕ್ತಿಯಿತ್ತು. ಹೆಂಚಿಗೂ ಕಾಂಕ್ರೀಟಿಗೂ ಆ ಶಕ್ತಿಯಿಲ್ಲ. ಅವುಗಳ ನರಸಿಂಹಾಚಾರ್ಯರು ಈಗಲೇ, ನಮ್ಮ ಕಾಲೇಜುಗಳಲ್ಲಿ ಇಂದು ಓದುತ್ತಿರುವ ಹುಡುಗ ಹುಡುಗಿಯರಲ್ಲಿಯೇ, ಹುಟ್ಟಬೇಕಾಗಿದೆ.